ಎರಡು ಮನೆಗೆ ಕಾಗದ ಬರೆದು ಚಿಗರಿ ನೋಡಲು ಹೋದದ್ದು

ಮಂಗಳವಾರ ಬೆಳಿಗ್ಗೆ ಏಳಕ್ಕೆ ನಾನೂ ಬಸಣ್ಣನೂ ಸವಣೂರು ಬಿಟ್ಟೆವು. ಗಾಡಿ ಅವನದು, ಎತ್ತು ಅವನವು. ನನ್ನದು ಒಂದು ಕೈಚೀಲ, ಒಂದು ಪುಸ್ತಕ. ಬಸಣ್ಣ ನನ್ನ ನೆರೆಮನೆಯವನು, ಎಲೆಬಳ್ಳಿ ತೋಟದ ಧಣಿ. ಉಣ್ಣುವುದರಲ್ಲಿಯೂ ಉಣಿಸುವುದರಲ್ಲಿಯೂ ಹಿಂದೆ ಬಿದ್ದವನಲ್ಲ. ತೊಯ್ಸಿದ ಬಟ್ಟೆಯಲ್ಲಿ ಸುತ್ತಿದ ಎಲೆಯ ಪೆಂಡಿಯನ್ನು ಕಾಲ ಹತ್ತಿರ ಇಟ್ಟುಕೊಂಡು, ಉಂಡ ಮನೆಗೆಲ್ಲ ಸವಣೂರ ಎಲೆ ಕೊಟ್ಟೇ ಏಳಬೇಕೆಂದು ಮೊದಲೇ ಠರಾವು ಮಾಡಿದ್ದ.

ನಾವು ಹೊರಟದ್ದು ದೇವರಿಗಲ್ಲ, ನೆಂಟರ ಮನೆಗಲ್ಲ, ಪ್ರಾಣಿಗಳನ್ನು ನೋಡಲು. ಬಂಕಾಪುರದ ಕೋಟೆಯಲ್ಲಿ ನವಿಲು, ಹಾನಗಲ್ಲಿನ ಪಶ್ಚಿಮಕ್ಕೆ ಕಾಡು, ಹಂಸಭಾವಿ ಕಡೆಯ ಬಯಲಿನಲ್ಲಿ ಚಿಗರಿ ಜಿಂಕೆಯ ಹಿಂಡು. "ನೋಡಾಕ ಬೇಕಂದ್ರ ನಮ್ಮ ಹಂಚಿನ ಮ್ಯಾಲ ಮಂಗ್ಯಾ ಇಲ್ಲೇನ್ರಿ? ಅದಕ್ಕ ಆರು ದಿನ ಊರೂರು ತಿರಗಬೇಕೇನು?" ಎಂದಳು ನನ್ನ ಹೆಂಡತಿ. ನಮ್ಮೂರ ವಾಚನಾಲಯದ ಗೆಳೆಯರು ಮಾತ್ರ ಹುರುಪಿನಿಂದ ಬೀಳ್ಕೊಟ್ಟರು. ಮುಂದೆ ಹೋಗುವವರಿಗೆ ಅನುಕೂಲವಾಗುವಂತೆ ಎಲ್ಲಿ ಇಳಿಯಬೇಕು, ಎಲ್ಲಿ ಉಣ್ಣಬೇಕು ಎಂಬುದನ್ನು ವಾಚನಾಲಯದ ಕೈಬರಹದ ಪತ್ರಿಕೆಗೆ ಬರೆದು ಕೊಡಬೇಕೆಂದು ಕೇಳಿಕೊಂಡರು. ಕೇಳಿದ್ದನ್ನು ಕೊಡುತ್ತಿದ್ದೇನೆ. ಆದರೆ ಆ ಪಟ್ಟಿಯಲ್ಲಿ ನನ್ನ ಮಾನ ಹೋದ ಒಂದು ಊರಿದೆ. ಅದನ್ನು ಬಿಟ್ಟು ಉಳಿದದ್ದನ್ನು ಬರೆಯಲು ಎರಡು ತಿಂಗಳು ಪ್ರಯತ್ನಪಟ್ಟೆ, ಆಗಲಿಲ್ಲ.

ಮೊದಲು ನನ್ನ ಪುಸ್ತಕದ ಮಾತು ಹೇಳಬೇಕು. ಮೂರು ವರ್ಷದ ಹಿಂದೆ ನಾನು ಬಸಣ್ಣನನ್ನು ಜಲಪಾತ ನೋಡಲು ಕರೆದುಕೊಂಡು ಹೋಗಿದ್ದೆ. ಅಲ್ಲಿಯ ಖಾನಾವಳಿ ಮುಚ್ಚಿತ್ತು. ಇಬ್ಬರೂ ಹುರಿಗಡಲೆ ತಿಂದು ಯಾರದೋ ಕಟ್ಟೆಯ ಮೇಲೆ ಮಲಗಿದೆವು. ಅಂದಿನಿಂದ ಊರಲ್ಲಿ ಯಾವ ಮದುವೆಯ ಪಂಕ್ತಿಯಲ್ಲಿ ಕುಂತರೂ ಬಸಣ್ಣ ಹೋಳಿಗೆಯನ್ನು ಎತ್ತಿ ಹಿಡಿದು, "ಇದನ್ನ ನೋಡ್ರಿ, ಮಾಸ್ತರ್ರ ಸಂಗಡ ಹೋದ್ರ ಇದು ಸಿಗಂಗಿಲ್ಲ" ಎನ್ನುತ್ತಿದ್ದ. ಪಂಕ್ತಿಯೆಲ್ಲ ನಗುತ್ತಿತ್ತು. ಭೂಗೋಳ ಕಲಿಸುವ ಮಾಸ್ತರನಿಗೆ ಇದಕ್ಕಿಂತ ದೊಡ್ಡ ಅವಮಾನವಿಲ್ಲ. ಈ ಸಲ ಒಂದು ಹೊತ್ತೂ ಅವನ ಹೊಟ್ಟೆ ಖಾಲಿ ಇರಕೂಡದೆಂದು ಹಟ ತೊಟ್ಟೆ.

ಅದಕ್ಕಾಗಿ ಪುಸ್ತಕ ಹೊಲಿದು ಗೆರೆ ಎಳೆದೆ. ಊರು, ದೂರ, ವಸ್ತಿ, ಊಟ ಎಂದು ನಾಲ್ಕು ಅಂಕಣ. ಐದನೆಯ ಅಂಕಣದ ತಲೆಯ ಮೇಲೆ 'ಇದು ಆಗದಿದ್ದರೆ' ಎಂದು ಬರೆದೆ. ಯುದ್ಧ ಇನ್ನೂ ನಡೆದಿತ್ತು. ಗೋದಿ, ಸಕ್ಕರೆ, ಸೀಮೆಎಣ್ಣೆ ಎಲ್ಲಕ್ಕೂ ಕಂಟ್ರೋಲು. ಮೋಟಾರುಗಳು ಇದ್ದಲಿಯ ಹೊಗೆಯ ಮೇಲೆ ಓಡುತ್ತಿದ್ದವು, ಮನಸ್ಸಿಗೆ ಬಂದಲ್ಲಿ ನಿಲ್ಲುತ್ತಿದ್ದವು. ಇಂಥ ಕಾಲದಲ್ಲಿ ಒಂದೇ ಮನೆಯನ್ನು ನಂಬಿ ಹೊರಡುವವನು ದಡ್ಡ ಎಂದು ನನ್ನ ವಿಚಾರ. ನಾನು ಜಾಣ, ಗುರುವಾರದ ಊಟಕ್ಕೆ ಎರಡು ಕಡೆ ಕಾಗದ ಹಾಕಿದೆ.

ಒಂದು ಹಾನಗಲ್ಲಿನ ಇನಾಂದಾರರಿಗೆ. ಅವರ ವಾಡೆಗೆ ಬಸಣ್ಣನ ತೋಟದ ಎಲೆ ಹೋಗುತ್ತಿತ್ತು. ಅವರು ಗುರುವಾರ ಯಾರೋ ಅಧಿಕಾರಿಗಳಿಗೆ ಕಾಡು ತೋರಿಸಲಿದ್ದಾರೆಂದು ಗೊತ್ತಿತ್ತು. ಅವರ ಉತ್ತರ ಬರುವ ನಂಬಿಕೆ ಇರಲಿಲ್ಲ. ಆದ್ದರಿಂದ ಇನ್ನೊಂದು ಕಾರ್ಡನ್ನು ಆಡೂರಿನ ಶಾಲಾ ಮಾಸ್ತರ ಶಿವಲಿಂಗಪ್ಪನಿಗೆ ಬರೆದೆ: 'ಗುರುವಾರ ಮಧ್ಯಾಹ್ನ ನಾನೂ ನನ್ನ ಗೆಳೆಯನೂ ನಿನ್ನ ಮನೆಗೆ ಊಟಕ್ಕೆ ಬರುತ್ತೇವೆ. ಊರ ಶಿಲಾಶಾಸನ ನೋಡಿ ರಾತ್ರಿ ವಸ್ತಿ ಮಾಡಿ ಶುಕ್ರವಾರ ಮುಂದೆ ಹೋಗುತ್ತೇವೆ.' ವಾಡೆಯ ಮಾತನ್ನು ಬರೆಯಲಿಲ್ಲ.

ಶಿವಲಿಂಗಪ್ಪ ಯಾರೆಂದು ಹೇಳಿದರೆ ನೀವು ನನ್ನನ್ನು ಬೈಯುತ್ತೀರಿ. ಧಾರವಾಡದಲ್ಲಿ ನಾವಿಬ್ಬರೂ ಒಂದೇ ಕೋಲಿಯಲ್ಲಿದ್ದು ಮಾಸ್ತರಿಕೆಯ ಟ್ರೇನಿಂಗ್ ಮಾಡಿದೆವು. ಅವನಿಗೆ ವಾರಕ್ಕೊಮ್ಮೆ ಮನೆಯಿಂದ ರೊಟ್ಟಿಯ ಬುತ್ತಿ ಬರುತ್ತಿತ್ತು, ನನಗೆ ಬರುತ್ತಿರಲಿಲ್ಲ. ವರ್ಷವಿಡೀ ಅವನು ಬುತ್ತಿಯನ್ನು ಎರಡು ಪಾಲು ಮಾಡಿ ಒಂದನ್ನು ನನ್ನ ಕಡೆ ಸರಿಸಿಟ್ಟ. ಅದರ ಬಗ್ಗೆ ಒಂದು ಮಾತು ಆಡಲಿಲ್ಲ. ಆ ರೊಟ್ಟಿ ತಟ್ಟಿ ಕಳಿಸುತ್ತಿದ್ದವಳು ಅವನ ಅವ್ವ. ಹಿತ್ತಲ ಗಿಡ ಮದ್ದಲ್ಲ ಎನ್ನುವಂತೆ, ಅವನ ಹೆಸರನ್ನು ನಾನು ಬರೆದದ್ದು ಐದನೆಯ ಅಂಕಣದಲ್ಲಿ.

ಟಪಾಲು ಮನೆಯಲ್ಲಿ ಕಾರ್ಡುಗಳನ್ನು ಓದದೆ ಮುದ್ರೆ ಒತ್ತುವ ಪದ್ಧತಿ ನಮ್ಮೂರಲ್ಲಿಲ್ಲ. ಪೋಸ್ಟ್ ಮಾಸ್ತರರು ಎರಡನ್ನೂ ಓದಿ, "ಮಾಸ್ತರ, ಒಂದ ಗುರುವಾರ ಎರಡ ಮನ್ಯಾಗ ಉಣ್ತೀರೇನು?" ಎಂದು ಕೇಳಿದರು.

"ಹೊಟ್ಟಿ ಒಂದರಿ, ದಾರಿ ಎರಡು" ಎಂದೆ. ನನ್ನ ಮಾತು ನನಗೇ ಬಹಳ ಸೇರಿತು. ದಾರಿಯುದ್ದಕ್ಕೂ ಅದನ್ನು ನೆನೆಸಿ ನಕ್ಕೆ.

ನಾಲ್ಕು ದಿನಕ್ಕೆ ಶಿವಲಿಂಗಪ್ಪನ ಉತ್ತರ ಬಂತು: 'ದಾರಿ ಕಾಯುತ್ತೇವೆ. ಅವ್ವ ಬಹಳ ಸಂತೋಷಪಟ್ಟಳು.' ಅದರ ಮರುದಿನ, ನಾನು ಎಣಿಸಿರದ ಉತ್ತರ ವಾಡೆಯ ಕಾರಕೂನರಿಂದ ಬಂತು: 'ಬರಬಹುದು.' ಎರಡನ್ನೂ ಪುಸ್ತಕದಲ್ಲಿ ಇಟ್ಟುಕೊಂಡೆ. ಒಂದನ್ನು ಆಗಲೇ ರದ್ದು ಮಾಡಬಹುದಿತ್ತು, ವೇಳೆಯೂ ಇತ್ತು. ಇರಲಿ, ಕೈಯಲ್ಲಿರಲಿ ಎಂದುಕೊಂಡೆ.

ಈಗ ಪ್ರವಾಸ. ಸವಣೂರಿನಿಂದ ಶಿಗ್ಗಾಂವಿ ಹನ್ನೆರಡು ಹದಿಮೂರು ಮೈಲು. ಸಂಸ್ಥಾನದ ಗಡಿ ದಾಟಿದ ಮೇಲೆ ರಸ್ತೆ ಸುಧಾರಿಸುತ್ತದೆ, ಬಿಸಿಲು ಸುಧಾರಿಸುವುದಿಲ್ಲ. ಹನ್ನೊಂದೂವರೆಗೆ ಮುಟ್ಟಿದೆವು. ಗಾಡಿಯನ್ನು ತಿರುಗಿ ಕಳಿಸಿದೆವು. ಶಿಗ್ಗಾಂವಿಯಲ್ಲಿ ಇಳಿಯಲು ಕಾಳಿನ ಪೇಟೆಯ ಅಡತಿ ಅಂಗಡಿಗಳ ಅಟ್ಟವೇ ಒಳ್ಳೆಯದು, ಪರಿಚಯದವರಿದ್ದರೆ ಇಲ್ಲವೆನ್ನುವುದಿಲ್ಲ. ಜೋಳದ ಚೀಲದ ಮೇಲೆ ಜಮಖಾನೆ ಹಾಸಿ ಕೊಡುತ್ತಾರೆ. ಹೆಗ್ಗಣ ಇವೆ, ಆದರೆ ಅವು ಜೋಳದ ಕೆಲಸದಲ್ಲಿರುತ್ತವೆ. ಊಟಕ್ಕೆ ಪೇಟೆಯ ಮೂಲೆಯ ಖಾನಾವಳಿ; ಬಿಸಿ ರೊಟ್ಟಿ, ಬದನೆಕಾಯಿ, ಕೆನೆ ಮೊಸರು. ಬಸಣ್ಣ ಏಳು ರೊಟ್ಟಿಗೆ ಕೈ ತೊಳೆದು, "ಮಾಸ್ತರ್ರ, ಇವತ್ತ ಪಾಸ್ ಆದ್ರಿ" ಎಂದ.

ಬುಧವಾರ ಬೆಳಕು ಹರಿಯುವ ಮೊದಲೇ ಬಂಕಾಪುರಕ್ಕೆ ನಡೆದೆವು, ಐದು ಮೈಲು. ಕೋಟೆಯ ಕಂದಕದಲ್ಲಿ ಮುಳ್ಳುಕಂಟಿ ಬೆಳೆದಿದೆ, ಅದೇ ನವಿಲುಗಳ ಮನೆ. ಸೂರ್ಯ ಗೋಡೆಯ ಮೇಲೆ ಬರುತ್ತಲೂ ಒಂದೊಂದಾಗಿ ಹೊರಗೆ ಬಂದವು. ಒಂದು ಗಂಡು ಬಿದ್ದ ಕಲ್ಲಿನ ಮೇಲೆ ನಿಂತು ಗರಿ ಬಿಚ್ಚಿ ನಮ್ಮ ಕಡೆ ಬೆನ್ನು ಮಾಡಿತು. "ನಮ್ಮ ಸೋದರಮಾವ ಜರಿ ರುಮಾಲ ಸುತ್ತಿದಾಗ ಹಿಂಗ ಮಾಡ್ತಿದ್ದ" ಎಂದ ಬಸಣ್ಣ. ಇಲ್ಲಿ ಊಟ ಹುಡುಕಬಾರದು; ಶಿಗ್ಗಾಂವಿಯಿಂದ ಬುತ್ತಿ ಕಟ್ಟಿಸಿಕೊಂಡು ಬರಬೇಕು. ಕೋಟೆಯ ಬಾವಿಯ ನೀರು ಸಿಹಿಯಾಗಿದೆ.

ಮಧ್ಯಾಹ್ನದ ಮೋಟಾರಿಗೆ ಹಾನಗಲ್ಲು. ಮೋಟಾರಿನ ಹಿಂದೆ ಹಂಡೆಯಂಥ ಒಲೆ; ಕ್ಲೀನರು ಅದಕ್ಕೆ ಇದ್ದಲಿ ತುಂಬಿ ಗಾಳಿ ಹಾಕುವಷ್ಟರಲ್ಲಿ ಒಂದು ನಿದ್ದೆ ಆಗುತ್ತದೆ. ಏರು ಬಂದಲ್ಲಿ ಗಂಡಸರು ಇಳಿದು ನೂಕಬೇಕು. ಹದಿನೈದು ಮೈಲಿಗೆ ಮೂರು ಗಂಟೆ ಹಿಡಿಯಿತು.

ಇನಾಂದಾರರ ವಾಡೆಯ ಅಗಸಿಯಲ್ಲಿ ಕಾರಕೂನರು ನಮ್ಮನ್ನು ಮೇಲಿಂದ ಕೆಳಗೆ ನೋಡಿದರು. "ಎಲಿ ತಂದೀರೇನು? ಹಿಂದಿನ ಬಾಗಲಕ್ಕ ಒಯ್ರಿ" ಎಂದರು. ಕಾಗದದ ಸುದ್ದಿ ನೆನಪು ಮಾಡಿಕೊಟ್ಟ ಮೇಲೆ, "ಹಾಂ, ಹಾಂ, ಬರ್ರಿ" ಎಂದು ಕುದುರೆ ಲಾಯದ ಪಕ್ಕದ ಕೋಣೆ ತೋರಿಸಿದರು. ರಾತ್ರಿ ಊಟಕ್ಕೆ ಎರಡನೆಯ ಪಂಕ್ತಿ. ನೀಡುವವರು ಚಟ್ನಿ ಕೇಳಿದರೆ ಉಪ್ಪು ಹಾಕಿ ಹೋದರು. ಆದರೂ ಬಸಣ್ಣ ದೊಡ್ಡ ಮನೆಯ ಕಂಬಗಳನ್ನು ನೋಡುತ್ತ ಉಂಡು, "ಮಾಸ್ತರ್ರ, ನಿಮ್ಮ ವಶೀಲಿ ಜೋರೈತಿ ಬಿಡ್ರಿ" ಎಂದ. ನಾನು ಉಬ್ಬಿದೆ.

ಗುರುವಾರ ಬೆಳಿಗ್ಗೆ ಕಾಡಿಗೆ ಹೊರಡುವ ಗದ್ದಲದಲ್ಲಿ ವಾಡೆಯ ಆಳೊಬ್ಬ ಗಾಡಿ ಹೂಡುತ್ತಿದ್ದ. "ನಾ ಆಡೂರ ಕಡೆ ಹೊಂಟೇನ್ರಿ, ಕಣಕಿ ತರಾಕ" ಎಂದು ಯಾರಿಗೋ ಹೇಳಿದ್ದು ನನ್ನ ಕಿವಿಗೆ ಬಿತ್ತು. ಎರಡು ಹೆಜ್ಜೆ ಹೋಗಿ, 'ಶಾಲಾ ಮಾಸ್ತರರಿಗೆ ನಾವು ಬರುವುದಿಲ್ಲ ಎಂದು ಹೇಳು' ಎಂದಿದ್ದರೆ ಸಾಕಿತ್ತು. ಆದರೆ ಪಕ್ಕದಲ್ಲಿ ಬಸಣ್ಣ ನಿಂತಿದ್ದ. ಎರಡನೆಯ ಕಾಗದದ ಮಾತು ಅವನಿಗೆ ಗೊತ್ತಿರಲಿಲ್ಲ. ಗೊತ್ತಾದರೆ ನನ್ನ ವಶೀಲಿಯ ಬಣ್ಣ ಇಳಿಯುತ್ತಿತ್ತು. ಗಾಡಿ ಅಗಸಿ ದಾಟಿ ಹೋಯಿತು.

ಕಾಡಿನ ವಿಷಯ ಹೇಳುವುದು ಬಹಳ ಇಲ್ಲ. ಅಧಿಕಾರಿಗಳು ಕಾರಿನಲ್ಲಿ ಮುಂದೆ, ನಾವು ಅಡಿಗೆಯವರ ಗಾಡಿಯಲ್ಲಿ ಹಿಂದೆ, ಪಾತ್ರೆಗಳ ನಡುವೆ. ತೇಗ, ಮತ್ತಿ, ಬಿದಿರು. ಕಾಡುಕೋಣದ ಗೊರಸಿನ ಗುರುತು ಕೆಸರಿನಲ್ಲಿ ಕಂಡೆವು. ಕೋಣ ಕಾಣಲಿಲ್ಲ, ಕಾರಿನ ಸದ್ದು ಕೇಳಿ ಯಾವಾಗಲೋ ಗುಡ್ಡ ದಾಟಿತ್ತು. ಹನ್ನೆರಡಕ್ಕೆ ಮರದ ಕೆಳಗೆ ಊಟ. ಕಂಟ್ರೋಲು ಎಂಬುದು ವಾಡೆಯ ಅಡಿಗೆಮನೆಯೊಳಗೆ ಬಂದಿರಲಿಲ್ಲ. ಶಿರಾದ ಬೋಗುಣಿ ನಮ್ಮ ಹತ್ತಿರ ಬರುವಷ್ಟರಲ್ಲಿ ತಳ ಕಂಡಿತ್ತು, ಆದರೂ ತುಪ್ಪ ಸೋರುತ್ತಿತ್ತು. ಈಗ ಆಡೂರಿನಲ್ಲಿ ತಾಟು ಹಾಕಿರಬಹುದು ಎಂಬ ವಿಚಾರ ಬಂತು. ಬಂದದ್ದು ನಿಜ. ಶಿರಾವೂ ಅದೇ ಹೊತ್ತಿಗೆ ಬಂತು, ಉಂಡೆ.

ಶುಕ್ರವಾರ ಎಂಟೂವರೆಯ ಮೋಟಾರಿಗೆ ಹಿರೇಕೆರೂರ ಕಡೆ ಹೊರಟೆವು. ಬಲಗಡೆಯ ಕಿಟಕಿಗೆ ನಾನು, ಪಕ್ಕಕ್ಕೆ ಬಸಣ್ಣ. ಅವನು ಹಾನಗಲ್ಲು ದಾಟುವ ಮೊದಲೇ ಗೊರಕೆ ಹೊಡೆದ. ಆಡೂರಿಗೆ ಒಡೆಯುವ ತಿರುವಿನಲ್ಲಿ ಟಪಾಲಿನ ಚೀಲಕ್ಕಾಗಿ ಮೋಟಾರು ನಿಂತಿತು. ಅಲ್ಲೊಂದು ಬೇವಿನ ಮರ. ಮರದ ಕೆಳಗೆ ಛತ್ರಿ ಹಿಡಿದು ಒಬ್ಬ ನಿಂತಿದ್ದ. ಒಂದು ಹೆಗಲು ತುಸು ಮೇಲೆ, ಕುತ್ತಿಗೆ ಮುಂದಕ್ಕೆ. ಹತ್ತು ವರ್ಷವಾದರೂ ಆ ನಿಲುವು ಬದಲಾಗಿರಲಿಲ್ಲ. ಗುರುವಾರ ಬಾರದವರು ಶುಕ್ರವಾರವಾದರೂ ಬಂದಾರೆಂದು ಶಿವಲಿಂಗಪ್ಪ ಬಂದು ನಿಂತಿದ್ದ. ಛತ್ರಿ ಮಡಚಿ, ಕಣ್ಣಿಗೆ ಕೈ ಅಡ್ಡ ಹಿಡಿದು, ಮೋಟಾರಿನ ಮುಂದಿನಿಂದ ಒಂದೊಂದೇ ಕಿಟಕಿ ನೋಡುತ್ತ ಬರತೊಡಗಿದ.

ಇಳಿದು ಕಾಲು ಹಿಡಿದುಕೊಳ್ಳಬಹುದಿತ್ತು. ಇಳಿಯದಿದ್ದರೂ, 'ತಪ್ಪಾತೋ ಶಿವಲಿಂಗಾ' ಎಂದು ಕೂಗಬಹುದಿತ್ತು. ನಾನು ಬಗ್ಗಿ ಚಪ್ಪಲಿಯ ಉಂಗುಟಕ್ಕೆ ಕೈ ಹಾಕಿದೆ. ಉಂಗುಟಕ್ಕೆ ಏನೂ ಆಗಿರಲಿಲ್ಲ. ಮೋಟಾರು ಮತ್ತೆ ಅಲುಗಾಡುವವರೆಗೆ ತಲೆ ಎತ್ತಲಿಲ್ಲ. ಎತ್ತಿದಾಗ ಬೇವಿನ ಮರ ಹಿಂದೆ ಬಿದ್ದಿತ್ತು, ಬಸಣ್ಣ ಎದ್ದು, "ಯಾವೂರ್ರಿ ಇದು?" ಎಂದು ಕೇಳಿದ. "ಯಾವುದೋ ಹಳ್ಳಿ" ಎಂದೆ.

ಹಿರೇಕೆರೂರಿನಲ್ಲಿ ಇಳಿಯಲು ಮಠದ ಧರ್ಮಶಾಲೆ ಇದೆ; ಕಸ ಹೊಡೆದಿರುತ್ತದೆ, ಹಾಸಿಗೆ ನಿಮ್ಮದು. ಊಟಕ್ಕೆ ಮಠದ ಪಂಕ್ತಿಯೇ ಆಯಿತು. ಅಲ್ಲಿ ಯಾರನ್ನೂ ಯಾವ ಊರೆಂದು ಕೇಳುವುದಿಲ್ಲ. ಅಂಬಲಿ, ನುಚ್ಚು, ಸಾರು. ಶನಿವಾರ ನಸುಕಿನಲ್ಲಿ ಬಾಡಿಗೆ ಗಾಡಿಯಲ್ಲಿ ಹಂಸಭಾವಿ ಕಡೆಯ ಹುಲ್ಲುಗಾವಲಿಗೆ ಹೋದೆವು. ಗಾಡಿಯನ್ನು ದೂರದಲ್ಲೇ ಬಿಟ್ಟು ಗಾಳಿಗೆ ಎದುರಾಗಿ ನಡೆಯಬೇಕು, ಬಿಳಿ ಅಂಗಿ ಹಾಕಬಾರದು.

ಚಿಗರಿಗಳನ್ನು ನೋಡಿದೆವು. ಮೂವತ್ತು ನಾಲ್ವತ್ತು ಇರಬಹುದು, ಒಣಹುಲ್ಲಿನ ಬಣ್ಣದವು. ನಡುವೆ ಒಂದೇ ಒಂದು ಕರಿ ಗಂಡು, ತಿರುಚಿದ ಕೋಡು. ಅದು ಮೇಯುತ್ತಿರಲಿಲ್ಲ, ತಲೆ ಎತ್ತಿ ನಮ್ಮನ್ನೇ ನೋಡುತ್ತ ನಿಂತಿತ್ತು. ಹಿಂಡೆಲ್ಲ ಹೊಟ್ಟೆ ತುಂಬಿಸಿಕೊಳ್ಳುವಾಗ ತಾನೊಂದೇ ನಿಂತು ಕಾಯುತ್ತಿತ್ತು. ಬಸಣ್ಣ ನನ್ನ ಕೈ ಹಿಡಿದು ಹುಡುಗನಂತೆ ಅಮುಕಿದ. ಅಷ್ಟು ದಿನ ಹಂಬಲಿಸಿದ ನೋಟ ಕಣ್ಣೆದುರಿಗಿತ್ತು, ನನ್ನ ಮನಸ್ಸು ಮಾತ್ರ ಬೇವಿನ ಮರದ ಕೆಳಗಿತ್ತು. ಒಂದು ಮರಿ ನೆಗೆಯಿತು, ಹಿಂದೆಯೇ ಹಿಂಡೆಲ್ಲ ನೆಗೆದು ಬಯಲಿನ ಆಚೆಗೆ ಹೋಯಿತು. "ಸಾಕ್ರಿ, ಜನ್ಮಕ್ಕ ಸಾಕು" ಎಂದ ಬಸಣ್ಣ.

ಭಾನುವಾರ ತಿರುಗಿ ಹೊರಟೆವು. ಹಾವೇರಿಯ ಮೋಟಾರು ಆ ದಿನ ಇರಲಿಲ್ಲ, ಹಾನಗಲ್ಲಿನ ಮೇಲೆಯೇ ಹೋಗಬೇಕಾಯಿತು. ಬರುವಾಗ ಬೇವಿನ ಮರ ಎಡಕ್ಕೆ ಬೀಳುತ್ತದೆಂದು ನಾನು ಬಲಗಡೆ ಕುಂತೆ. ಮಾಡಿದ್ದುಣ್ಣೋ ಮಹಾರಾಯ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ಹನ್ನೊಂದರ ಸುಮಾರಿಗೆ ಆ ತಿರುವು ಇನ್ನೂ ಅರ್ಧ ಮೈಲು ಇರುವಾಗ ಮೋಟಾರು ಕೆಮ್ಮಿ ನಿಂತಿತು. ಒಲೆಯ ಕೊಳವೆ ಒಡೆದಿತ್ತು. ಹಾನಗಲ್ಲಿನಿಂದ ಸಾಮಾನು ಬರಬೇಕು, ನಾಲ್ಕು ಗಂಟೆಯಾದರೂ ಆಗುತ್ತದೆ ಎಂದ ಡ್ರೈವರ್. ಅಂದಿನ ಊಟ ನನ್ನ ಪುಸ್ತಕದ ಪ್ರಕಾರ ಹಾನಗಲ್ಲಿನಲ್ಲಿತ್ತು.

ಬಸಣ್ಣ ಹೊಟ್ಟೆಯ ಮೇಲೆ ಕೈ ಆಡಿಸಿದ. "ಹುರಿಗಡ್ಲಿ ಏನರ ತಂದೀರೇನ್ರಿ ಮಾಸ್ತರ್ರ?" ಎಂದು ನಕ್ಕು, ದಾರಿಹೋಕನೊಬ್ಬನನ್ನು ನಿಲ್ಲಿಸಿ ಹತ್ತಿರದ ಊರು ಯಾವುದೆಂದು ಕೇಳಿದ.

"ಆಡೂರ್ರಿ. ಇಲ್ಲೇ ಐತಿ."

"ಆಡೂರು? ಅಲ್ಲಿ ನಿಮ್ಮ ಟ್ರೇನಿಂಗಿನ ದೋಸ್ತ ಅದಾನ ಅಂತಿದ್ರಲ್ರಿ! ರೊಟ್ಟಿ ಬುತ್ತಿ ಕೊಡತಿದ್ದ ಅಂತ? ನಡೀರಿ ಮತ್ತ!"

"ಹೇಳದ ಕೇಳದ ಹೆಂಗ ಹೋಗೋದು?" ಎಂದೆ. ಇಡೀ ಪ್ರವಾಸದಲ್ಲಿ ನಾನು ಆಡಿದ ಮಾತುಗಳಲ್ಲಿ ಇದಕ್ಕಿಂತ ನಾಚಿಕೆಗೇಡಿನದು ಇನ್ನೊಂದಿಲ್ಲ.

"ರೊಟ್ಟಿ ಹಂಚಿಕೊಂಡು ತಿಂದವನ ಮನೀಗೆ ಹೇಳಿ ಹೋಗಬೇಕೇನ್ರಿ?" ಎಂದು ಬಸಣ್ಣ ಎಲೆಯ ಪೆಂಡಿ ಬಗಲಲ್ಲಿ ಇಟ್ಟುಕೊಂಡು ಮುಂದೆ ನಡೆದೇಬಿಟ್ಟ.

ಶಾಲೆಯ ಹಿಂದೆ ಮಣ್ಣಿನ ಗೋಡೆಯ ಮನೆ, ಸಾರಿಸಿದ ಕಟ್ಟೆ. ಶಿವಲಿಂಗಪ್ಪ ಹೊರಗೆ ಬಂದವನು ಒಂದು ಕ್ಷಣ ನಿಂತ. ಆಮೇಲೆ ಎರಡೂ ಕೈ ಚಾಚಿ, "ಬಾರೋ ಗುರುಪಾದ, ಬಾ. ನೀವೂ ಬರ್ರಿ. ನೀಲಾ, ಕಾಲಿಗೆ ನೀರು ತಾ" ಎಂದ. ಅವನ ಹೆಂಡತಿ ನೀಲವ್ವ ತಂಬಿಗೆ ತಂದಿಟ್ಟು, "ಬರ್ರಿ ಅಣ್ಣಾರ" ಎಂದಳು. ಯಾಕೆ ಬರಲಿಲ್ಲ ಎಂದು ಇಬ್ಬರೂ ಕೇಳಲಿಲ್ಲ. ಅವರು ಆಗಷ್ಟೇ ಉಣ್ಣಲು ಕುಂತಿದ್ದರೆಂದು ಒಳಗಿನ ತಾಟು ನೋಡಿ ಗೊತ್ತಾಯಿತು. ಆ ತಾಟುಗಳೇ ನಮ್ಮ ಮುಂದೆ ಬಂದವು: ಜೋಳದ ರೊಟ್ಟಿ, ಪುಂಡಿಪಲ್ಯ, ಗುರೆಳ್ಳು ಚಟ್ನಿ, ಮಜ್ಜಿಗೆ. ಶಿವಲಿಂಗಪ್ಪ, "ನಂದು ಆಗೈತಿ, ನೀವು ಉಣ್ರಿ" ಎಂದು ಸುಳ್ಳು ಹೇಳಿ ಬೀಸಣಿಕೆ ಹಿಡಿದು ಕುಂತ.

ಗೋಡೆಗೆ ಒರಗಿ ಅವನ ಅವ್ವ ಕುಂತಿದ್ದಳು. ಕಣ್ಣು ಮಂಜಾಗಿದ್ದವು, ಬಾಯಲ್ಲಿ ಹಲ್ಲಿಲ್ಲ. ಮುಂದೆ ಬಟ್ಟಲಲ್ಲಿ ಮಜ್ಜಿಗೆಗೆ ಕಲಸಿದ ನುಚ್ಚು. ನಮ್ಮ ದನಿ ಕೇಳಿ, "ಯಾರಪಾ ಬಂದವರು? ಗುರುವಾರ ಬರೋರು ಇವರ ಏನು?" ಎಂದಳು.

"ಅವ್ವಾ, ಸುಮ್ನ ಉಣ್ಣು" ಎಂದ ಶಿವಲಿಂಗಪ್ಪ.

"ನಾ ಏನ ತಪ್ಪ ಕೇಳಿದ್ನಿ? ಹೋಳಿಗಿ ಆರಿ ಹೋದ್ವು, ಮರುದಿನ ಮುಂಜಾನೆ ಓಣ್ಯಾಗ ಹಂಚಿದ್ವಿ. ಇವ ತಿರುವಿಗೆ ಹೋಗೂದು, ಬರೂದು, ಹೋಗೂದು, ಬರೂದು. ದೀಪ ಹಚ್ಚೋತನ ನಾನೂ ಕುಂತಿದ್ನಿ. ಬರ್ತೇನಿ ಅಂದವರು ಉಣ್ಣೂಕಿಂತ ಮುಂಚೆ ತಾಟಿಗೆ ಕೈ ಹಚ್ಚೂದು ನಮ್ಮತ್ತಿ ನನಗ ಕಲಿಸಿಲ್ಲ." ಮುದುಕಿ ನನ್ನ ಕಡೆ ಮುಖ ತಿರುಗಿಸಿದಳು. "ನೀ ಗುರುಪಾದ ಹೌದಲ್ಲ? ಧಾರವಾಡದಾಗ ನಮ್ಮ ರೊಟ್ಟಿ ಉಂಡಾವ. ಆರಾಮ ಅದೀಯೇನಪಾ? ದಾರ್ಯಾಗ ಏನರ ಆತೇನೋ ಅಂತ ನನಗ ಜೀವ ಹೊಡಕೊಂಡಿತ್ತು."

"ಗುರುವಾರ ಮೋಟಾರು ಕೆಟ್ಟಿತ್ತವ್ವಾ" ಎಂದೆ.

ಬಸಣ್ಣನ ಕೈ ತಾಟಿನಲ್ಲಿ ನಿಂತುಬಿಟ್ಟಿತು. ಅವನು ನನ್ನನ್ನು ನೋಡಿದ. ಗುರುವಾರ ನಾವು ಯಾವ ಮೋಟಾರೂ ಹತ್ತಿರಲಿಲ್ಲ. ಮರದ ಕೆಳಗೆ ಶಿರಾ ತಿಂದಿದ್ದೆವು.

"ಹೌದು, ಈ ಇದ್ದಲಿ ಮೋಟಾರು ಹಂಗ" ಎಂದ ಶಿವಲಿಂಗಪ್ಪ. "ನಾನೂ ಅವ್ವಗ ಅದನ್ನ ಹೇಳಿದ್ನಿ." ಬೀಸಣಿಕೆ ಒಂದೇ ಸಮ ಆಡುತ್ತಿತ್ತು.

ಮಾತು ಬದಲಿಸಲೆಂದೋ ಏನೋ ಬಸಣ್ಣ ನೀಲವ್ವನನ್ನು, "ಅವ್ವ ಬರೇ ನುಚ್ಚ ಉಣ್ತಾರೇನ್ರಿ?" ಎಂದು ಕೇಳಿದ.

"ಹಲ್ಲಿಲ್ರೀ, ರೊಟ್ಟಿ ಆಗಂಗಿಲ್ಲ. ಗೋದಿ ಇದ್ರ ಮೆತ್ತನ್ನ ಚಪಾತಿ ಮಾಡಿಕೊಡ್ತೇನ್ರಿ. ಕಾರ್ಡಿನ ಮ್ಯಾಲ ತಿಂಗಳಿಗೊಮ್ಮೆ ಕೊಡ್ತಾರ. ಈ ತಿಂಗಳದ್ದು..." ಎಂದವಳು ಗಂಡನ ಮುಖ ನೋಡಿ, "ಇನ್ನಷ್ಟು ಮಜ್ಜಗಿ ಹಾಕ್ಲೇನ್ರಿ?" ಎಂದಳು.

ಈ ತಿಂಗಳದ್ದು ಹೋಳಿಗೆಯಾಗಿತ್ತು. ಆ ಮುದುಕಿಯ ತಿಂಗಳ ಚಪಾತಿಯನ್ನು ನನ್ನ ಹೆಸರಿನಲ್ಲಿ ಬೇಯಿಸಿ, ಆರಿಸಿ, ಮರುದಿನ ಬೆಳಿಗ್ಗೆ ಓಣಿಯವರಿಗೆ ಹಂಚಿದ್ದರು. ನನಗೆ ಆ ಹೊತ್ತು ಭೂಮಿ ಬಾಯ್ದೆರೆದರೆ ಸಾಕಾಗಿತ್ತು. ನಲವತ್ತು ಹುಡುಗರನ್ನು ಬೆಂಚಿನ ಮೇಲೆ ನಿಲ್ಲಿಸಿದ್ದೇನೆ, ಸುಳ್ಳು ಹೇಳಿದರೆಂದು. ನನ್ನನ್ನು ನಿಲ್ಲಿಸುವ ಬೆಂಚು ಆ ಮನೆಯಲ್ಲಿ ಇರಲಿಲ್ಲ.

ಊಟವಾದ ಮೇಲೆ ಬಸಣ್ಣ ಉಳಿದ ಎಲೆಯನ್ನೆಲ್ಲ ಮುದುಕಿಯ ಮುಂದೆ ಇಟ್ಟ. ಅರ್ಧ ಬಾಡಿದ್ದವು. ಅವಳು ಬೆರಳಿಂದ ಮುಟ್ಟಿ ನೋಡಿ, "ಸವಣೂರ ಎಲಿ" ಎಂದು ಗುರುತು ಹಿಡಿದು ಸಣ್ಣ ಕಲಬತ್ತಿನಲ್ಲಿ ಅಡಿಕೆಯ ಸಂಗಡ ಕುಟ್ಟತೊಡಗಿದಳು. ಬಸಣ್ಣನಿಗೆ ಏನನ್ನಿಸಿತೋ, "ನಮ್ಮ ಮಾಸ್ತರ್ರ ಪುಸ್ತಕ ನೋಡೀರೇನ್ರಿ? ಎಲ್ಲಿ ಊಟ, ಎಲ್ಲಿ ವಸ್ತಿ, ಎಲ್ಲಾ ಗೆರಿ ಹೊಡದ ಬರದಾರ" ಎಂದು ನನ್ನ ಚೀಲದಿಂದ ಅದನ್ನು ತೆಗೆದು ಕೊಟ್ಟೇಬಿಟ್ಟ. ಬಸಣ್ಣನಿಗೆ ಓದು ಅಷ್ಟಕ್ಕಷ್ಟೇ. ಒಂದು ಸಾಲು ಕೂಡಿಸಿ ಓದುವಷ್ಟರಲ್ಲಿ ಎಲೆ ಬಾಡುತ್ತದೆ. ಅದರೊಳಗೆ ಏನಿದೆ ಎಂದು ಅವನಿಗೆ ತಿಳಿಯದು. ಕಸಿದುಕೊಳ್ಳುವ ಧೈರ್ಯ ನನಗೆ ಬರಲಿಲ್ಲ.

ಶಿವಲಿಂಗಪ್ಪ ಮಾಸ್ತರನ ಗತ್ತಿನಲ್ಲಿ ಒಂದೊಂದೇ ಹಾಳೆ ತಿರುವಿದ. "ಅಕ್ಷರ ಇನ್ನೂ ಹಂಗ ಅದಾವ" ಎಂದ. ಒಂದು ಹಾಳೆಯ ಮೇಲೆ ಬಹಳ ಹೊತ್ತು ಕಣ್ಣಿಟ್ಟ. ಎರಡು ಕಾರ್ಡುಗಳೂ ಅದೇ ಹಾಳೆಯಲ್ಲಿದ್ದವು, ಅವನದೂ ವಾಡೆಯದೂ. ನಂತರ ಅವನು ತಲೆ ಎತ್ತಿ, "ನಮ್ಮೂರಿನ ಮಾಹಿತಿ ಬರಕೊಂಡೇ ಇಲ್ಲಲ್ಲೋ. ನಾ ತುಂಬಿ ಕೊಡ್ಲೇನು?" ಎಂದು ಒಳಗೆ ಹೋಗಿ ದೌತಿ ಲೆಕ್ಕಣಿಕೆ ತಂದ. ಕಂಬಕ್ಕೆ ಒರಗಿ ನಿಧಾನವಾಗಿ ಬರೆದ, ಊದಿ ಆರಿಸಿದ, ಮುಚ್ಚಿ ನನ್ನ ಕೈಗೆ ಕೊಟ್ಟ.

ಮೂರೂವರೆಗೆ ತಿರುವಿನವರೆಗೂ ಬಂದು ಕಳಿಸಿದ. ದಾರಿಯಲ್ಲಿ ಈ ಸಲದ ಮಳೆಯ ಮಾತು, ಶಾಲೆಯ ಮಾತು. ಬೇವಿನ ಮರದ ಕೆಳಗೆ ನಿಂತು ಮೋಟಾರು ಬರುವವರೆಗೆ ಕಾದೆವು. ಹತ್ತುವಾಗ ಅವನು ನನ್ನ ಭುಜ ಮುಟ್ಟಿ, "ಬರ್ತಾ ಇರಪಾ" ಎಂದ. ಕಿಟಕಿಯಿಂದ ನೋಡಿದೆ, ಧೂಳು ಮುಚ್ಚುವವರೆಗೆ ಛತ್ರಿ ಹಿಡಿದು ನಿಂತೇ ಇದ್ದ, ಒಂದು ಹೆಗಲು ತುಸು ಮೇಲೆ.

ಎರಡು ಮೈಲು ಬಸಣ್ಣ ಎಲೆ ಸುತ್ತಿದ್ದ ಬಟ್ಟೆಯನ್ನು ಮಡಚುತ್ತ ಬಿಚ್ಚುತ್ತ ಕುಂತ. ಆಮೇಲೆ, "ಮಾಸ್ತರ್ರ, ಎರಡೂ ಕಡೆ ಹೇಳಿದ್ರೇನು?" ಎಂದ. ಹೌದೆಂದೆ. "ನನ್ನ ಹೊಟ್ಟಿ ಸಲವಾಗಿ ಮಾಡಿದ್ರಿ ಅಂದಮ್ಯಾಲ ಆ ಪಾಪದಾಗ ನನಗೂ ಪಾಲು ಬಂತಲ್ರಿ. ಹುರಿಗಡ್ಲಿ ತಿಂದ ಮಲಗಿದ್ದ ಚಲೋ ಇತ್ತು." ಅವನು ಊರಿಗೆ ಮುಟ್ಟಿದ ಮೂರನೆಯ ದಿನ ತನ್ನ ಮನೆಯ ಗೋದಿಯನ್ನು ಆಡೂರಿಗೆ ಕಳಿಸಿದನೆಂದು ಆಮೇಲೆ ಗೊತ್ತಾಯಿತು. ನನಗೆ ಹೇಳಲಿಲ್ಲ. ಅದಾದ ಮೇಲೆ ಯಾವ ಪಂಕ್ತಿಯಲ್ಲಿಯೂ ಹುರಿಗಡಲೆಯ ಕಥೆ ಹೇಳಿಲ್ಲ. ಹೇಳಿದ್ದರೆ ಚೆನ್ನಾಗಿತ್ತು.

ಮೋಟಾರಿನಲ್ಲಿಯೇ ನಾನು ಪುಸ್ತಕ ತೆಗೆದೆ. "ಏನ ಬರದಾರ್ರಿ ಅವರು?" ಎಂದ ಬಸಣ್ಣ. ದುಂಡಗಿನ ಅಕ್ಷರದಲ್ಲಿ ಗೆರೆ ತಪ್ಪದಂತೆ ನನ್ನ ಅಂಕಣಗಳನ್ನೆಲ್ಲ ತುಂಬಿದ್ದ. ಗಟ್ಟಿಯಾಗಿ ಓದಿದೆ:

ಊರು: ಆಡೂರು. ದೂರ: ಹಾನಗಲ್ಲಿನಿಂದ ಹತ್ತು ಮೈಲು.

ವಸ್ತಿ: ಶಾಲಾ ಮಾಸ್ತರರ ಪಡಸಾಲೆ, ಇಬ್ಬರಿಗೆ ಸಾಕು.

ಊಟ: ಮನೆಯಲ್ಲಿ ಇದ್ದದ್ದು. ಮುಂಚೆ ಕಾಗದ ಬರೆಯುವ ಕಾರಣವಿಲ್ಲ.

"ದೊಡ್ಡ ಮನಷ್ಯಾರಿ" ಎಂದು ಬಸಣ್ಣ ಕಿಟಕಿಯ ಆಚೆ ಮುಖ ಮಾಡಿದ. ನಾನು ಪುಸ್ತಕ ಮುಚ್ಚಿದೆ. ಐದನೆಯ ಅಂಕಣವನ್ನು ಅವನಿಗೆ ಓದಿ ಹೇಳಲಿಲ್ಲ. ಆ ಶುಕ್ರವಾರದ ನನ್ನ ಚಪ್ಪಲಿಯ ಉಂಗುಟದ ಮಾತು ಅವನಿಗೆ ಇಂದಿಗೂ ಗೊತ್ತಿಲ್ಲ. ಆದರೆ ದಿನಾ ಸಂಜೆ ಅವನು ವಾಚನಾಲಯಕ್ಕೆ ಬಂದು ಕುಂತು, ಯಾರಾದರೂ ಪತ್ರಿಕೆ ಓದಿದರೆ ಕೇಳುತ್ತಾನೆ. ಓದುವವರು ದಯವಿಟ್ಟು ಇದನ್ನು ಬಿಡದೆ, ಅವನಿಗೆ ಕೇಳಿಸುವಂತೆ ಓದಬೇಕು. 'ಇದು ಆಗದಿದ್ದರೆ' ಎಂಬುದರ ಕೆಳಗೆ ಶಿವಲಿಂಗಪ್ಪ ಬರೆದದ್ದು ಹೀಗಿದೆ:

'ಮೋಟಾರು ತಿರುವಿನಲ್ಲಿ ಟಪಾಲಿಗಾಗಿ ನಿಲ್ಲುತ್ತದೆ. ಹಿರೇಕೆರೂರಿಗೆ ಹೋಗುವವರು ಬಲಗಡೆಯ ಕಿಟಕಿಗೆ ಕುಳಿತು ತಲೆ ಎತ್ತಿದರೆ ಬೇವಿನ ಮರವೂ ಅದರ ಕೆಳಗೆ ನಿಂತವರೂ ಚೆನ್ನಾಗಿ ಕಾಣುತ್ತಾರೆ.'